ಗ್ರಂಥಕರ್ತರೇ ಪ್ರಕಾಶಕರು: ಹಳಕಟ್ಟಿ, ಗಳಗನಾಥ ಮತ್ತು ಸ್ವಂತ ಖರ್ಚಿನ ಪುಸ್ತಕ

ಹಳೆಯ ಕನ್ನಡ ಪುಸ್ತಕಗಳ ಮುಖಪುಟದ ಹಿಂಬದಿಯಲ್ಲಿ, ಸಾಮಾನ್ಯವಾಗಿ ಯಾರೂ ಓದದ ಸಣ್ಣ ಮೊಳೆಯ ಸಾಲುಗಳ ನಡುವೆ, ಗ್ರಂಥಕರ್ತರೇ ಪ್ರಕಾಶಕರೆಂಬ ಒಕ್ಕಣೆ ಕಾಣಸಿಗುತ್ತದೆ. 1867ರ ಮುದ್ರಣ ಮತ್ತು ಗ್ರಂಥ ನೋಂದಣಿ ಕಾಯಿದೆಯು ಮುದ್ರಕನ ಹೆಸರನ್ನೂ ಮುದ್ರಣದ ಸ್ಥಳವನ್ನೂ, ಪ್ರಕಾಶಕನಿದ್ದರೆ ಅವನ ವಿವರವನ್ನೂ ಪುಸ್ತಕದ ಮೇಲೆ ಕಾಣಿಸಬೇಕೆಂದು ವಿಧಿಸಿತ್ತು. ಸರಕಾರ ಈ ಕಾಯಿದೆಯನ್ನು ಮಾಡಿದ್ದು ಬರಹಗಾರರ ಮೇಲೆ ಕಣ್ಣಿಡಲೆಂದು. ನಮಗೆ ಅದರಿಂದ ದಕ್ಕಿದ್ದು ಒಂದು ಸಾಹಿತ್ಯ ಚರಿತ್ರೆಯ ಆಕರ. ಯಾವ ಪುಸ್ತಕಕ್ಕೆ ದಾನಿ ಇದ್ದ, ಯಾವುದಕ್ಕೆ ಸಂಸ್ಥೆ ಇತ್ತು, ಯಾವುದನ್ನು ಬರೆದವನೇ ತನ್ನ ಮನೆಯ ಅಕ್ಕಿಬೇಳೆಯ ದುಡ್ಡಿನಿಂದ ಅಚ್ಚು ಹಾಕಿಸಿದ ಎಂಬುದನ್ನು ಈ ಸಣ್ಣ ಸಾಲುಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ.

ಈ ಮಾತನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಸ್ವಂತ ಖರ್ಚಿನಿಂದ ಅಚ್ಚಾದ ಪುಸ್ತಕವೆಂದರೆ ಇಂದು ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ವಲಯದಲ್ಲಿ ಒಂದು ತಾತ್ಸಾರ ಬೆಳೆದಿದೆ. ಸಂದರ್ಶನಕ್ಕೆ ಹೋದ ಅಭ್ಯರ್ಥಿ ತನ್ನ ಪುಸ್ತಕವನ್ನು ಮೇಜಿನ ಮೇಲಿಟ್ಟರೆ ಹಿರಿಯರು ಮೊದಲು ತಿರುವಿ ನೋಡುವುದು ಒಳಪುಟವನ್ನಲ್ಲ, ಪ್ರಕಾಶನದ ಹೆಸರನ್ನು. ‘ಸ್ವಂತದ್ದೋ?’ ಎಂಬ ಒಂದು ಪ್ರಶ್ನೆಗೆ ಎರಡು ವರ್ಷದ ದುಡಿಮೆ ಹಗುರವಾಗಿಬಿಡುತ್ತದೆ. ಅದೇ ಹಿರಿಯರು ತರಗತಿಯಲ್ಲಿ ಪಾಠ ಹೇಳುವ ವಚನ ಸಾಹಿತ್ಯ, ಆರಂಭದ ಕಾದಂಬರಿ ಇವೆರಡರ ಮುದ್ರಿತ ಪರಂಪರೆಯಲ್ಲಿ ಬಹುಪಾಲು ಇಂಥ ‘ಸ್ವಂತದ್ದೇ’ ಆಗಿದೆ ಎಂಬುದನ್ನು ವಿದ್ಯಾರ್ಥಿಗಳಾದರೂ ಅರಿತಿರಬೇಕು.

ಓಲೆಗರಿಯ ಕಾಲದಲ್ಲಿ ಬರೆದವನಿಗೂ ಪ್ರತಿ ಮಾಡಿಸಿದವನಿಗೂ ನಡುವಿನ ಅಂತರ ಸ್ಪಷ್ಟವಾಗಿತ್ತು. ಕಲಬುರಗಿಯ ಆಚೆಗಿರುವ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ ಮುಮ್ಮಡಿ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎನಿಸಿಕೊಂಡ ಪೊನ್ನನು ಶಾಂತಿಪುರಾಣವನ್ನು ರಚಿಸಿದನು. ಮಲ್ಲಪ, ಪುನ್ನಮಯ್ಯ ಎಂಬ ಸಹೋದರರು ತಮ್ಮ ಗುರು ಜಿನಚಂದ್ರದೇವರ ನೆನಪಿಗೆ ಅದನ್ನು ಬರೆಯಿಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ ಮುಂದೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಇದನ್ನು ಶಾಸ್ತ್ರದಾನದ ಮೇಲ್ಪಂಕ್ತಿಯಾಗಿ ನಾವೆಲ್ಲ ಕೊಂಡಾಡುತ್ತೇವೆ. ಲೆಕ್ಕದ ಕಣ್ಣಿನಿಂದ ನೋಡಿದರೆ ಇಲ್ಲಿ ಕವಿಯ ಕೈಯಿಂದ ಒಂದು ಹಣವೂ ಖರ್ಚಾಗಿಲ್ಲ. ಅಚ್ಚಿನ ಯಂತ್ರ ಬಂದ ಮೊದಲ ದಶಕಗಳಲ್ಲೂ ಸ್ಥಿತಿ ಬಹಳ ಬದಲಾಗಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 1848ರಿಂದ ಬಸವಪುರಾಣ, ಜೈಮಿನಿ ಭಾರತ ಮುಂತಾದವನ್ನು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಹೊರತಂದಾಗ ಅದರ ವೆಚ್ಚವನ್ನು ಹೊತ್ತವರು ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಅತ್ತಿಮಬ್ಬೆಯ ಪೀಠದಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಕುಳಿತಿದ್ದ, ಅಷ್ಟೇ.

ಆದರೆ ಈ ಏರ್ಪಾಟಿನಲ್ಲಿ ಹಳೆಯ ಕವಿಗೆ ಸ್ಥಾನವಿತ್ತು, ಹೊಸಬನಿಗೆ ಇರಲಿಲ್ಲ. ಇದನ್ನು ಮುದ್ದಣನಷ್ಟು ನೋವಿನಿಂದ ಅರಿತವರು ಇನ್ನೊಬ್ಬರಿಲ್ಲ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನವರು ಮೈಸೂರಿನ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ ಪತ್ರಿಕೆಗಳಿಗೆ ತಮ್ಮ ಕೃತಿಗಳನ್ನು ಕಳುಹಿಸುವಾಗ ಅವು ತಮ್ಮವೆಂದು ಹೇಳಲಿಲ್ಲ. ಎಲ್ಲೋ ದೊರೆತ ಪ್ರಾಚೀನ ಪ್ರತಿಗಳೆಂದು ನಂಬಿಸಿದರು. ಪ್ರಾಚೀನ ಕಾವ್ಯಗಳ ಪ್ರಕಟಣೆಗೆಂದೇ ಮೀಸಲಾದ ಪತ್ರಿಕೆಗಳವು. ‘ಅದ್ಭುತ ರಾಮಾಯಣ’ 1895ರಲ್ಲಿ ಬೆಳಕು ಕಂಡಿತು; ‘ಶ್ರೀರಾಮಾಶ್ವಮೇಧ’ವೂ ಹೀಗೆಯೇ ಹೊರಬಂದಿತು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯದಿಂದ ತೀರಿಕೊಳ್ಳುವಾಗ ಅವರ ಹೆಸರು ಅವರ ಅತ್ಯುತ್ತಮ ಕೃತಿಯ ಮೇಲೆ ಇರಲಿಲ್ಲ. ಮನೋರಮೆಯ ಸಲ್ಲಾಪವನ್ನು ಸ್ವಾರಸ್ಯಕ್ಕಾಗಿ ಓದುವ ನಾವು, ಕೇಳುವವರಿಲ್ಲದ ಕವಿಗೆ ಹೆಂಡತಿಯೇ ಕೇಳುಗಳಾಗಬೇಕಾದ ಪ್ರಸಂಗವನ್ನು ಅದರಲ್ಲಿ ಗುರುತಿಸುವುದು ವಿರಳ. ಕೈಯಲ್ಲಿ ಕಾಸಿಲ್ಲದ ಹೊಸ ಲೇಖಕನಿಗೆ ಮುದ್ದಣ ಹಿಡಿದ ದಾರಿ ಒಂದು. ಇನ್ನೊಂದು ದಾರಿ, ಸಾಲ ಸೋಲ ಮಾಡಿ ತಾನೇ ಪ್ರಕಾಶಕನಾಗುವುದು.

ಆ ದಾರಿಯಲ್ಲಿ ಬಹುದೂರ ನಡೆದವರು ಗಳಗನಾಥರು. ಇದು ಅಲಂಕಾರದ ಮಾತಲ್ಲ, ಕಾಲ್ನಡಿಗೆಯ ಮಾತು. ವೆಂಕಟೇಶ ತಿರಕೋ ಕುಲಕರ್ಣಿ (1869–1942) ಹಾವೇರಿ ಸೀಮೆಯಲ್ಲಿ ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ ಗ್ರಾಮದವರು, ವೃತ್ತಿಯಿಂದ ಶಾಲಾ ಮಾಸ್ತರರು. ಕನ್ನಡದಲ್ಲಿ ಕಾದಂಬರಿಯೆಂಬ ಪ್ರಕಾರಕ್ಕೆ ಓದುಗರೇ ಇಲ್ಲದಿದ್ದ ಹೊತ್ತಿನಲ್ಲಿ, ಧಾರವಾಡ ಪ್ರಾಂತದ ಓದುಬಲ್ಲವರು ಮರಾಠಿ ಕಾದಂಬರಿಗಳಲ್ಲಿ ಮುಳುಗಿದ್ದ ಹೊತ್ತಿನಲ್ಲಿ, ಅವರು ‘ಪ್ರಬುದ್ಧ ಪದ್ಮನಯನೆ’ಯಿಂದ ತೊಡಗಿ ಹರಿನಾರಾಯಣ ಆಪ್ಟೆಯವರ ಅನುವಾದ, ರೂಪಾಂತರಗಳ ಮೂಲಕ ‘ಮಾಧವ ಕರುಣಾವಿಲಾಸ’ದವರೆಗೆ ಒಂದು ಓದುಗ ಸಮುದಾಯವನ್ನು ಕಟ್ಟಿದರು. ಅಗಡಿಯ ಆನಂದವನದಿಂದ 1907ರ ಸುಮಾರಿಗೆ ಆರಂಭವಾದ ‘ಸದ್ಬೋಧ ಚಂದ್ರಿಕೆ’ ಈ ಕೆಲಸದ ಬೆನ್ನೆಲುಬಾಯಿತು. ಮುಂದೆ ಅಗಡಿಯನ್ನು ಬಿಟ್ಟು ಹಾವೇರಿಗೆ ಬಂದು ‘ಸದ್ಗುರು’ ಪತ್ರಿಕೆ ನಡೆಸಿದರು. ಪುಸ್ತಕಗಳ ಹೊರೆಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರೆಂಬ ಅವರ ಕೀರ್ತಿ ಇಂದಿಗೂ ಉತ್ತರ ಕರ್ನಾಟಕದಲ್ಲಿ ಮನೆಮಾತು.

ತಲೆಹೊರೆಯ ಈ ಚಿತ್ರವನ್ನು ಭಾವುಕರಾಗಿ ನೆನೆಯುವುದು ಸುಲಭ. ಅದರ ಹಿಂದಿನ ವ್ಯವಹಾರವನ್ನು ಯೋಚಿಸಬೇಕು. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಪುಸ್ತಕದಂಗಡಿ ಇರಲಿಲ್ಲ. ಅಂಚೆಯಲ್ಲಿ ವಿ.ಪಿ. ಮಾಡಿ ಕಳುಹಿಸಿದರೆ ಪಡೆಯಬೇಕಾದವನು ಬಿಡಿಸಿಕೊಳ್ಳದೆ ಹಿಂದಿರುಗಿಸಬಹುದು. ಆಗ ಅಂಚೆಯ ವೆಚ್ಚ ಕಳುಹಿಸಿದವನ ತಲೆಗೇ ಬರುತ್ತದೆ. ಏಜೆಂಟರಿಗೆ ಕೊಟ್ಟರೆ ಕಮಿಷನ್ನು ಹೋಗಿ ಉಳಿದದ್ದು ಕೈಸೇರಲು ವರ್ಷ ಹಿಡಿಯುತ್ತದೆ. ಹೀಗಿರುವಾಗ ಸ್ವಂತ ಕಾಲು, ಸ್ವಂತ ತಲೆ ಎಲ್ಲಕ್ಕಿಂತ ಅಗ್ಗದ ಸಾಗಾಣಿಕೆ. ಅದಕ್ಕೆ ಒಂದು ಲಾಭವೂ ಇತ್ತು: ಓದುಗನ ಮುಖವನ್ನು ಕಂಡು ಬರೆದ ಲೇಖಕ ಅವರು. ಗಳಗನಾಥರ ಗದ್ಯದಲ್ಲಿ ಓದುಗನನ್ನು ಕೈಹಿಡಿದು ಕೂರಿಸಿ ಕಥೆ ಹೇಳುವ ಧಾಟಿಯಿದೆಯಲ್ಲ, ಅದು ಪುರಾಣಿಕರ ಪರಂಪರೆಯಿಂದ ಬಂದಷ್ಟೇ ಕಟ್ಟೆಯ ಮೇಲೆ ಹೊರೆ ಇಳಿಸಿ ಪುಸ್ತಕ ಬಿಚ್ಚಿ ತೋರಿಸಿದ ಅನುಭವದಿಂದಲೂ ಬಂದಿರಬೇಕೆಂದು ನನ್ನ ಊಹೆ. ನಷ್ಟವೂ ಅಲ್ಲಿಯೇ ಇತ್ತು. ತಿಂಗಳು ತಿಂಗಳು ಪುಟ ತುಂಬಬೇಕಾದವನಿಗೆ, ಮಾರಾಟವಾಗುವುದನ್ನೇ ಬರೆಯಬೇಕಾದವನಿಗೆ, ತಿದ್ದುವ ಬಿಡುವು ಸಿಗದು. ಅವರ ಕೃತಿಗಳಲ್ಲಿ ಕಾಣುವ ಉಪದೇಶದ ಉದ್ದ, ಒಂದೇ ಎರಕದ ಪತಿವ್ರತೆಯರು, ಮರಾಠಿಯ ಮೇಲಿನ ಅವಲಂಬನೆ ಇವನ್ನೆಲ್ಲ ರುಚಿಯ ದೋಷವೆಂದಷ್ಟೇ ಬರೆದು ಮುಗಿಸುವ ವಿಮರ್ಶೆಗೆ ಅವರ ಜಮಾಖರ್ಚಿನ ವಹಿಯ ನೆನಪಿರುವುದಿಲ್ಲ.

ಈಗ ಫ. ಗು. ಹಳಕಟ್ಟಿಯವರ ವಿಷಯಕ್ಕೆ ಬರೋಣ. ಜೇವರ್ಗಿ, ಅಫಜಲಪುರಗಳ ಪಡುವಣ ಗಡಿ ದಾಟಿದರೆ ವಿಜಯಪುರ ಜಿಲ್ಲೆ. ಅಲ್ಲಿ ವಕೀಲಿ ಮಾಡಿಕೊಂಡಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ (1880–1964) ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, 1904ರಲ್ಲಿ ಬೆಳಗಾವಿಯಲ್ಲಿ ವೃತ್ತಿ ಆರಂಭಿಸಿ, ಬಳಿಕ ವಿಜಯಪುರಕ್ಕೆ ಬಂದು ನೆಲೆಸಿದವರು. ಶಾಲೆ, ಸಹಕಾರಿ ಬ್ಯಾಂಕು, ಕೆರೆ ಇವೆಲ್ಲ ಅವರ ಸಾರ್ವಜನಿಕ ಕೆಲಸಗಳು. ಅವುಗಳ ನಡುವೆ ರಬಕವಿ, ಬನಹಟ್ಟಿ ಮೊದಲಾದ ಕಡೆ ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದ ತಾಡವೋಲೆಗಳು ಅವರ ಕಣ್ಣಿಗೆ ಬಿದ್ದವು. ವಿಭೂತಿ, ಕುಂಕುಮ ಮೆತ್ತಿದ ಕಟ್ಟುಗಳನ್ನು ಬಿಚ್ಚಿ, ಓದಿ, ಪ್ರತಿ ಮಾಡಿ, ಹೋಲಿಸಿ, ವಿಷಯಾನುಸಾರ ವಿಂಗಡಿಸುವುದರಲ್ಲಿ ಎರಡು ದಶಕದ ಸಮೀಪ ಕಳೆಯಿತು. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಲೇಖಕರಿಗೆ ಆಗ ನಾಲ್ವತ್ಮೂರು ವರ್ಷ. ವಕೀಲರೆಂದು ಊರೇ ಬಲ್ಲ ಆ ವ್ಯಕ್ತಿ ಪುಸ್ತಕ ಲೋಕಕ್ಕೆ ಹೊಸಬರೇ.

ಅಚ್ಚಿಗಾಗಿ ಅವರು ಮೊದಲು ನೋಡಿದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ ಕಡೆಗೆ. ಸಹಜವೇ, ಅಲ್ಲಿನ ಕನ್ನಡ ಮೊಳೆಗಳ ಅಂದ, ಕೆಲಸದ ಅಚ್ಚುಕಟ್ಟು ಪ್ರಸಿದ್ಧವಾಗಿತ್ತು. ಆದರೆ ಗ್ರಂಥ ಅಲ್ಲಿ ಅಚ್ಚಾಗಲಿಲ್ಲ. ಕೊನೆಗೆ ಬೆಳಗಾವಿಯಲ್ಲಿ ಚೌಗುಲೆಯವರ ಮಹಾವೀರ ಮುದ್ರಣಾಲಯದಲ್ಲಿ ಅದು ಮುಗಿಯಿತು. ಆಳಂದ ತಾಲ್ಲೂಕಿನಲ್ಲಿ ಕುಳಿತು ಬರೆಯುವ ನನ್ನಂಥವನಿಗೆ ಇಲ್ಲಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ಜೈನರೊಡನೆ ಪಂಥ ಕಟ್ಟಿ ತಲೆ ಅರಿದುಕೊಂಡು ಮರಳಿ ಪಡೆದನೆಂದು ಅಬ್ಬಲೂರಿನ ಶಾಸನ ಹೇಳುವ ಏಕಾಂತದ ರಾಮಯ್ಯ ಹುಟ್ಟಿದ್ದು ಇದೇ ಆಳಂದದಲ್ಲಿ; ಶಾಸನದ ಮಾತಿನಲ್ಲಿ ಆಲಂದೆ. ಸುಮಾರು ಏಳು ನೂರು ವರ್ಷಗಳ ಬಳಿಕ ಶರಣರ ವಚನಗಳು ಮಹಾವೀರನ ಹೆಸರು ಹೊತ್ತ ಅಚ್ಚುಕೂಟದಿಂದ ಹೊರಬಂದವು. ಚರಿತ್ರೆಯನ್ನು ಪಂಥಗಳ ಕಾದಾಟವೆಂದೇ ಓದುವವರು ಅಬ್ಬಲೂರನ್ನು ಉಲ್ಲೇಖಿಸುತ್ತಾರೆ, ಬೆಳಗಾವಿಯನ್ನು ಉಲ್ಲೇಖಿಸುವುದಿಲ್ಲ.

ಒಮ್ಮೆ ಪರಸ್ಥಳದ ಮುದ್ರಣಾಲಯವನ್ನು ನಂಬಿದ ಲೇಖಕನಿಗೆ ಕಾಯುವಿಕೆ ಏನೆಂದು ತಿಳಿಯುತ್ತದೆ. ಕೈಮೊಳೆಯ ಕಾಲದಲ್ಲಿ ಪುಸ್ತಕವೊಂದು ಇಡಿಯಾಗಿ ಜೋಡಣೆಗೊಳ್ಳುತ್ತಿರಲಿಲ್ಲ. ಕೆಲವು ಪುಟಗಳ ಒಂದು ಫಾರಂ ಜೋಡಿಸಿ, ಕರಡಚ್ಚು ತೆಗೆದು, ತಿದ್ದಿ, ಅಚ್ಚು ಹೊಡೆದು, ಮೊಳೆಗಳನ್ನು ಬಿಚ್ಚಿ ಮತ್ತೆ ಗೂಡುಗಳಿಗೆ ಹಂಚಿದ ಮೇಲೆಯೇ ಮುಂದಿನ ಫಾರಂ. ಕನ್ನಡದ ಕಾಗುಣಿತ, ಒತ್ತಕ್ಷರಗಳಿಗೆ ಬೇಕಾದ ಮೊಳೆಗಳ ಬಗೆ ನೂರಾರು. ಒಂದು ಒತ್ತು ತೀರಿದರೆ ಕೆಲಸ ನಿಂತಿತು. ಕರಡು ಬೆಳಗಾವಿಯಿಂದ ವಿಜಯಪುರಕ್ಕೆ ಅಂಚೆಯಲ್ಲಿ ಬಂದು ಹೋಗುವ ದಿನಗಳೂ ಸೇರಿದರೆ ತಿಂಗಳುಗಳು ಉರುಳುತ್ತವೆ. ಕಾಗದದ ಹಣವನ್ನು ಮಾತ್ರ ಲೇಖಕ ಮೊದಲೇ ಕಟ್ಟಿರಬೇಕು. ಇದಕ್ಕೆ ಹಳಕಟ್ಟಿಯವರು ಕಂಡುಕೊಂಡ ಪರಿಹಾರ ಯಾವ ಲೆಕ್ಕಿಗನೂ ಒಪ್ಪದಂಥದು: ವಾಸದ ಮನೆಯನ್ನು ಮಾರಿ 1925ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರಿಗೆ ಒದಗಿತು. ಸಮ್ಮೇಳನಾಧ್ಯಕ್ಷರಾದವರಿಗೆ ಸ್ವಂತ ಮನೆಯಿಲ್ಲ, ಸ್ವಂತ ಅಚ್ಚಿನ ಯಂತ್ರವಿದೆ! ಏಳುಬೀಳುಗಳು ಒಂದರ ನಂತರ ಒಂದು ಬರುತ್ತವೆಂದು ನಾವು ಹೇಳುವುದುಂಟು. ಅವರಿಗೆ ಎರಡೂ ಒಟ್ಟಿಗೇ ಬಂದವು.

ಬಾಡಿಗೆ ಮನೆ, ಹರಿದ ಕೋಟು, ಹಳೆಯ ಸೈಕಲ್ಲು ಇವು ಹಳಕಟ್ಟಿಯವರ ಕುರಿತ ಸ್ಮರಣೆಗಳಲ್ಲಿ ಮತ್ತೆ ಮತ್ತೆ ಬರುವ ವಿವರಗಳು. ವಿಜಯಪುರಕ್ಕೆ ಬಂದ ಬಿ.ಎಂ.ಶ್ರೀಯವರು ಗೋಳಗುಮ್ಮಟಕ್ಕಿಂತ ಮೊದಲು ವಚನಗುಮ್ಮಟವನ್ನು ನೋಡಬೇಕೆಂದರಂತೆ. ಈ ಪ್ರಸಂಗ ನಮ್ಮ ಸಭೆಗಳಲ್ಲಿ ಸವೆದು ಹೋಗಿದೆ. ಸಂಶೋಧಕರಿಗೆ ಬೇಕಾದದ್ದು ಬೇರೆ ಪ್ರಶ್ನೆ: ಸ್ವಂತ ಮುದ್ರಣಾಲಯ ಇದ್ದುದರಿಂದ ವಚನಗಳ ಪಠ್ಯಕ್ಕೆ ಏನಾಯಿತು? ಪತ್ರಿಕೆಯ ಚಂದಾ ಹಣದಿಂದ ಕಾಗದ ಬರಬೇಕು. ಆದ್ದರಿಂದ ವಚನಗಳು ಕಂತುಗಳಾಗಿ ಬಂದವು. ಓದುಗನಿಗೆ ಧರ್ಮಗ್ರಂಥವೊಂದರ ಕ್ರಮಬದ್ಧ ನಿರೂಪಣೆ ಬೇಕಿತ್ತು. ಆದ್ದರಿಂದ ಬಿಡಿ ಬಿಡಿ ನುಡಿಗಳು ‘ಶಾಸ್ತ್ರ’ದ ಚೌಕಟ್ಟಿನೊಳಗೆ ಕುಳಿತವು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ತುಂಬಲು ಸ್ಥಳವೂ ಮೊಳೆಯೂ ಸಾಲದು. ಆದ್ದರಿಂದ ಯಾವ ಓಲೆಯಿಂದ ಯಾವ ಪಾಠ ಬಂದಿತೆಂಬುದು ಎಷ್ಟೋ ಕಡೆ ಮರೆಯಾಯಿತು. ಮುಂದಿನ ತಲೆಮಾರಿನ ಎಲ್. ಬಸವರಾಜು, ಆರ್.ಸಿ. ಹಿರೇಮಠ, ಎಂ.ಎಂ. ಕಲಬುರ್ಗಿ ಮೊದಲಾದವರು ಈ ಕೊರತೆಗಳನ್ನು ತುಂಬಿದರು. 1993ರಲ್ಲಿ ಸರಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತರುವ ಹೊತ್ತಿಗೆ ಸಂಪಾದಕ ಮಂಡಳಿಯಿತ್ತು, ಅನುದಾನವಿತ್ತು. ಹಳಕಟ್ಟಿಯವರ ಬಳಿ ಇದ್ದುದು ಮಾರಿದ ಮನೆಯ ಹಣ. ದೋಷಗಳನ್ನು ಎತ್ತಿ ತೋರಿಸುವುದು ನಮ್ಮ ಧರ್ಮವೇ. ಆದರೆ 1925ರಲ್ಲಿ ಆ ಮನೆ ಮಾರಾಟವಾಗದೆ ಇದ್ದಿದ್ದರೆ ತಿದ್ದಲು ನಮಗೆ ಎಷ್ಟು ಉಳಿಯುತ್ತಿತ್ತೆಂಬುದನ್ನೂ ಕೇಳಿಕೊಳ್ಳಬೇಕು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಮೊದಲ ಪುಸ್ತಕ ಬಂದು ಮೂವತ್ತಮೂರು ವರ್ಷವಾಗಿತ್ತು.

ಇದೇ ಸಾಲಿಗೆ ಇನ್ನೂ ಹಲವರನ್ನು ಸೇರಿಸಬಹುದು. ಮಾಸ್ತಿಯವರು ‘ಜೀವನ ಕಾರ್ಯಾಲಯ’ದಿಂದ ತಮ್ಮ ಪುಸ್ತಕಗಳನ್ನು ಹೊರತಂದರು, ಜಿ.ಪಿ. ರಾಜರತ್ನಂ ‘ಶಾಕ್ಯ ಸಾಹಿತ್ಯ ಮಂಟಪ’ ಕಟ್ಟಿಕೊಂಡರು. ಕಾರಂತರು ಪುತ್ತೂರಿನಲ್ಲಿ ತಮ್ಮದೇ ‘ಹರ್ಷ’ ಮುದ್ರಣ, ಪ್ರಕಟಣೆಗಳನ್ನು ನಡೆಸಿದರು. ಸರಕಾರಿ ಅಧಿಕಾರಿಯಾಗಿದ್ದ ಮಾಸ್ತಿಯವರ ಸ್ವಪ್ರಕಾಶನ ಬೇರೆ, ಮೇಷ್ಟರ ಸಂಬಳದ ಗಳಗನಾಥರದು ಬೇರೆ ಎಂಬ ಭೇದವನ್ನು ಮಾತ್ರ ಮರೆಯಬಾರದು.

ನಮ್ಮ ಭಾಗದ ಕಥೆ ಇವೆಲ್ಲಕ್ಕಿಂತ ಹಿಂದಿನ ಮೆಟ್ಟಿಲಲ್ಲಿದೆ. 1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು; ಕಚೇರಿಯ ಭಾಷೆ ಉರ್ದು, 1918ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. 1928ರಲ್ಲಿ ಬಿ.ಎಂ.ಶ್ರೀಯವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದರೂ ಕನ್ನಡದಲ್ಲಿ ಬರೆದವನಿಗೆ ಓದುಗನೇ ಅಪರೂಪ. ಸಾಹಿತ್ಯ ಇರಲಿಲ್ಲವೆಂದಲ್ಲ. ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ಏಕತಾರಿಯ ಮೇಲೆ, ಭಜನೆಯವರ ಕೈಬರಹದ ವಹಿಗಳಲ್ಲಿ ಜೇವರ್ಗಿಯಿಂದ ಆಳಂದದವರೆಗೆ ಓಡಾಡಿದವು. ಶಿಷ್ಯನು ತನ್ನ ಕೈಯಾರೆ ಬರೆದುಕೊಂಡ ಪ್ರತಿಯೇ ಪ್ರಕಾಶನ. ಸರಸಂಬಾದ ಸುತ್ತಿನ ಹಳ್ಳಿಗಳಲ್ಲಿ ಇಂಥ ವಹಿಗಳು ಇಂದಿಗೂ ಜಂತಿಗೆ ಸಿಕ್ಕಿಸಿದ ಗಂಟುಗಳಲ್ಲಿ ಸಿಗುತ್ತವೆ. ಪಡುವಣಕ್ಕೆ ಹತ್ತಿರದ ದೊಡ್ಡ ಪಟ್ಟಣ ಸೊಲ್ಲಾಪುರ. ಅಲ್ಲಿಯ ಜೀವರಾಜ ಗೌತಮಚಂದ ದೋಶಿಯವರು ತಮ್ಮ ಸಂಪತ್ತನ್ನೇ ಗ್ರಂಥಪ್ರಕಟಣೆಗೆ ಮುಡಿಪಿಟ್ಟುದರಿಂದ ಜೀವರಾಜ ಜೈನ ಗ್ರಂಥಮಾಲೆ ಹುಟ್ಟಿತು. ಪಿ.ಬಿ. ದೇಸಾಯಿಯವರು ಕಲಬುರಗಿ ಜಿಲ್ಲೆಯ ಜೈನ ಶಾಸನಗಳನ್ನು ಒಳಗೊಂಡಂತೆ ದಕ್ಷಿಣ ಭಾರತದ ಜೈನಧರ್ಮದ ಕುರಿತು ಬರೆದ ಇಂಗ್ಲಿಷ್ ಗ್ರಂಥ 1957ರಲ್ಲಿ ಆ ಮಾಲೆಯಲ್ಲೇ ಬಂದಿತು. ದೇಸಾಯಿಯವರಿಗೆ ದಾನಿ ಸಿಕ್ಕರು. ಎಲ್ಲ ವಿದ್ವಾಂಸರಿಗೆ ಸಿಗುವುದಿಲ್ಲ.

ಇಂದು ಗ್ರಾಮದ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಊರಿನ ಚರಿತ್ರೆಯನ್ನೋ ತತ್ವಪದಗಳ ಸಂಗ್ರಹವನ್ನೋ ಅಚ್ಚು ಹಾಕಿಸಲು ಹೊರಟರೆ ಮೊಳೆಯ ಕಾಟವಿಲ್ಲ. ಡಿಟಿಪಿಯವನು ವಾರದಲ್ಲಿ ಪುಟ ಕಟ್ಟಿಕೊಡುತ್ತಾನೆ. ಚೊಚ್ಚಲ ಕೃತಿಗೆ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ, ಆದರೆ ಅದು ಯುವಕರಿಗೆ. ಅರವತ್ತು ದಾಟಿದ ಹೊಸ ಲೇಖಕನಿಗೆ ಅಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಿದೆ, ಆದರೆ ಆಯ್ಕೆಯಾಗಬೇಕು; ಆಯ್ಕೆಯಾದರೂ ಪುಟದ ಲೆಕ್ಕದಲ್ಲಿ ಬೆಲೆ, ಹಣ ಬರುವುದು ಬಂದಾಗ. ನನ್ನ ಪಿಎಚ್.ಡಿ. ಪ್ರಬಂಧವನ್ನು ಸ್ವಂತ ಖರ್ಚಿನಿಂದ 500 ಪ್ರತಿ ಅಚ್ಚು ಹಾಕಿಸಿದಾಗ ಗೌರವಪ್ರತಿಗಳೆಂದು ಹಂಚಿದವೇ ಮಾರಿದವುಗಳಿಗಿಂತ ಹೆಚ್ಚಾದವು. ಲೋಕಾರ್ಪಣೆಯ ಶಾಲು, ಹಾರ, ಫಲಹಾರಗಳ ಖರ್ಚು ಸೇರಿಸಿದರೆ ಪುಸ್ತಕಕ್ಕಿಂತ ಸಮಾರಂಭವೇ ಭಾರ. ಇಂಥವನ್ನು ಹೇಳಿಕೊಳ್ಳುವುದು ದೂರಲೆಂದಲ್ಲ: ಗಳಗನಾಥರ ಕಾಲದಲ್ಲಿ ಅಚ್ಚು ಕಷ್ಟ, ಓದುಗನನ್ನು ತಲುಪುವುದೂ ಕಷ್ಟ, ಈಗ ಮೊದಲನೆಯದು ಮಾತ್ರ ಸುಲಭವಾಗಿದೆ.

ಕಳಪೆ ಪುಸ್ತಕಗಳ ಪ್ರವಾಹವೆಂಬ ಆಕ್ಷೇಪ ನಿಜವೇ. ‘ಬೇಡ’ ಎನ್ನುವ ಸಂಪಾದಕನಿಲ್ಲದ ಕಡೆ ಕಾಗುಣಿತವೂ ಉಳಿಯುವುದಿಲ್ಲ. ಹಾಗೆಂದು ಪ್ರಕಾಶನದ ಹೆಸರು ನೋಡಿ ಪುಸ್ತಕ ಮುಚ್ಚುವುದು ಓದುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ. ಆಳಂದ, ಅಫಜಲಪುರ, ಜೇವರ್ಗಿಗಳ ಸ್ಥಳನಾಮ, ಜಾತ್ರೆ, ದೊಡ್ಡಾಟಗಳ ಮೇಲೆ ಕೆಲಸ ಮಾಡುವ ಸಂಶೋಧಕ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಏಕೈಕ ಆಕರ ಇಂಥದೇ ಒಂದು ತೆಳು ಹೊತ್ತಗೆ.

ಅಂಥವರಿಗೆ ಕೆಲಸಕ್ಕೆ ಬರುವ ಒಂದು ಸೂಚನೆ. ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ 1867ರ ಕಾಯಿದೆಯಂತೆ ನೋಂದಾಯಿತವಾದ ಪುಸ್ತಕಗಳ ತ್ರೈಮಾಸಿಕ ಪಟ್ಟಿಗಳು ಅಚ್ಚಾಗುತ್ತಿದ್ದವು. ಅವುಗಳಲ್ಲಿ ಪ್ರತಿಗಳ ಸಂಖ್ಯೆ, ಬೆಲೆ, ಹಕ್ಕುದಾರರ ವಿವರಗಳಿರುತ್ತವೆ. ಮುಂಬಯಿ ಪ್ರಾಂತದ ಪಟ್ಟಿಗಳಲ್ಲಿ ಧಾರವಾಡ, ಬೆಳಗಾವಿ, ವಿಜಯಪುರಗಳ ಸ್ವಂತ ಖರ್ಚಿನ ಲೇಖಕರನ್ನು ಒಬ್ಬೊಬ್ಬರನ್ನಾಗಿ ಎಣಿಸಬಹುದು. ಪಟ್ಟಿ ಸಿಗದಿದ್ದರೆ ಪುಸ್ತಕದ ಹೊರರಟ್ಟನ್ನೇ ನೋಡಬೇಕು. ಲೇಖಕನ ಇತರ ಪುಸ್ತಕಗಳ ಜಾಹೀರಾತು, ಚಂದಾದಾರರಾಗಿರೆಂಬ ಬಿನ್ನಹ, ಪುಸ್ತಕಗಳು ಸಿಗುವ ವಿಳಾಸ ಎಲ್ಲವೂ ಇರುವುದು ಅಲ್ಲಿ. ನಮ್ಮ ಗ್ರಂಥಾಲಯಗಳಲ್ಲಿ ಹಳೆಯ ಪುಸ್ತಕಕ್ಕೆ ಹೊಸ ಬೈಂಡು ಹಾಕುವಾಗ ಮೊದಲು ಕಿತ್ತೆಸೆಯುವುದೂ ಅದನ್ನೇ. ಆದ್ದರಿಂದ ಬೈಂಡಿಗೆ ಹೋಗುವ ಮುನ್ನವೇ ಹೋಗಿ ನೋಡಿ, ಸಾಧ್ಯವಾದರೆ ರಟ್ಟಿನ ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಳ್ಳಿ.